ಎರಡು ಹೆಬ್ಬೆರಳು ದೂರದ ವಿಜಯನಗರ

ಅರಸೀಕೆರೆಯಿಂದ ಹೊರಟ ರೈಲು ಮೈಸೂರು ತಲುಪಿದಾಗ ಸಂಜೆಯಾಗಿತ್ತು. ಲಷ್ಕರ್ ಮೊಹಲ್ಲಾದ ಲಾಡ್ಜಿನಲ್ಲಿ ಚೀಲ ಇಟ್ಟೆ. ಗೆಳತಿ ರತ್ನ ಇಲ್ಲಿನ ವಿಜಯನಗರ ಬಡಾವಣೆಯ ಶಾಲೆಯೊಂದರಲ್ಲಿ ಭೂಗೋಳದ ಟೀಚರ್. ಮಾರನೆಯ ದಿನ ಅವಳ ನಿವೃತ್ತಿ, ಹತ್ತೂವರೆಗೆ ಕೊನೆಯ ಪಾಠ. ನಾನೂ ಅದೇ ಕಸುಬಿನವಳು. ಬಿ.ಎಡ್. ಜೊತೆಯಲ್ಲೇ ಓದಿದರೂ ಅವಳು ಪಾಠ ಮಾಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ನನಗೆ ರಜೆ ಸಿಕ್ಕಾಗಲೆಲ್ಲ ಅವಳ ಶಾಲೆಗೂ ರಜೆ. ಈ ಸಲ ರಜೆ ಹಾಕಿ ಅದನ್ನು ನೋಡಲೆಂದೇ ಬಂದಿದ್ದೆ.

ಲಾಡ್ಜಿನವರು ಪ್ರವಾಸಿಗರ ನಕಾಶೆಯೊಂದನ್ನು ಕೊಟ್ಟರು. ಅದರ ಮೇಲೆ ಬೆರಳಿಟ್ಟು ಅಳೆದೆ: ಲಾಡ್ಜಿನಿಂದ ಅರಮನೆ ಒಂದು ಹೆಬ್ಬೆರಳು ದೂರ. ಕಾಲು ಗಂಟೆ ನಡೆದು, ದೀಪ ನೋಡಿ ಬಂದೆ. ವಿಜಯನಗರ ಎರಡು ಹೆಬ್ಬೆರಳು. ಹಾಗಾದರೆ ಅರ್ಧ ಗಂಟೆಯ ನಡಿಗೆ ಎಂದುಕೊಂಡೆ. ಮೊಬೈಲು ಕೈಯಲ್ಲೇ ಇತ್ತು, ಆದರೆ ನಮ್ಮಂಥವರಿಗೆ ಕಾಗದದ ಮೇಲೆಯೇ ಭಕ್ತಿ.

ಬೆಳಿಗ್ಗೆ ಇಡ್ಲಿ ತಿಂದು, ಕಾಫಿ ಕುಡಿದು ಆರಾಮಾಗಿ ಹೊರಟೆ. ಹಿತವಾದ ಚಳಿ ಇತ್ತು. ಹತ್ತೂವರೆಯಾದರೂ ವಿಜಯನಗರದ ಸುಳಿವಿಲ್ಲ. ಆಟೋದವರೊಬ್ಬರನ್ನು ಕೇಳಿದೆ.

"ನಡ್ಕೊಂಡಾ? ಇನ್ನೂ ಅರ್ಧ ದಾರೀನೂ ಬಂದಿಲ್ಲ ಕಣಮ್ಮ! ಹತ್ತಿ, ಬೇಗ ಬುಟ್ಬುಡ್ತೀನಿ."

ಆಟೋದಲ್ಲಿ ಕುಳಿತು ನಕಾಶೆ ಬಿಡಿಸಿದೆ. ಅರಮನೆಯ ಸುತ್ತಲಿನ ಬೀದಿಗಳನ್ನು ಹಿಗ್ಗಿಸಿ, ಊರಂಚಿನ ಬಡಾವಣೆಗಳನ್ನು ಮೂಲೆಗೆ ತುರುಕಿದ್ದರು. ಬುದ್ಧಿ ಓಡಿಸಬೇಕಾದ ಕಡೆ ಹೆಬ್ಬೆರಳು ಓಡಿಸಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಟ್ರಾಫಿಕ್ಕಿನಲ್ಲಿ ಸಿಕ್ಕಿ ಶಾಲೆ ಮುಟ್ಟಿದಾಗ ಹನ್ನೊಂದೂಕಾಲು. ಮಕ್ಕಳು ಕಿತ್ತಳೆ ತೊಳೆ ಚೀಪುತ್ತಾ ತರಗತಿಯಿಂದ ಹೊರಬರುತ್ತಿದ್ದರು. ಒಳಗೆ ಮೇಜಿನ ಮೇಲೆ ಚಪ್ಪಟೆ ಮಾಡಿದ ಸಿಪ್ಪೆ ಅಲ್ಲಲ್ಲಿ ಹರಿದಿತ್ತು.

"ಈಗ ಬಂದ್ಯೇನೇ?" ಎಂದಳು ರತ್ನ. "ಕಾದೂ ಕಾದೂ ಸಾಕಾಗಿ ಶುರು ಮಾಡ್ಬುಟ್ಟೆ ಕಣೇ."

"ಏನು ಪಾಠ?"

"ನಕಾಶೆ. ದುಂಡಗಿರೋದನ್ನ ಚಪ್ಪಟೆ ಮಾಡಿದ್ರೆ ಹರಿಯುತ್ತೆ. ಹರೀಬಾರ್ದು ಅಂದ್ರೆ ಕೆಲವು ಕಡೆ ಹಿಗ್ಗಿಸ್ಬೇಕು. ಆಮೇಲೆ ಒಂದೇ ಅಳತೆ ಎಲ್ಲಾ ಕಡೆ ನಡೆಯಲ್ಲ. ನಿಂಗೆ ಇದ್ನ ಹೇಳ್ಬೇಕಾ?"

ತಡವಾದದ್ದು ಏಕೆಂದು ಹೇಳಲು ನಾಚಿಕೆಯಾಯಿತು. "ನಂಗೊಂದ್ಸಲ ಪಾಠ ಮಾಡೇ," ಎಂದೆ.

"ಎದುರಿಗೆ ಮಕ್ಕಳಿಲ್ದೆ ನಂಗೆ ಬರಲ್ಲ ಕಣೇ." ಅವಳು ಡಸ್ಟರ್ ತೆಗೆದುಕೊಂಡು ಬೋರ್ಡಿನ ಮೇಲಿದ್ದ ಪ್ರಪಂಚವನ್ನು ಒರೆಸಿದಳು.

ಮಧ್ಯಾಹ್ನ ಬೀಳ್ಕೊಡುಗೆ. ಹಳೆಯ ಗೆಳತಿ, ಅದೇ ವಿಷಯದವರು ಬೇರೆ, ಮೇಡಂ ಪಾಠ ಮಾಡುವ ರೀತಿಯ ಬಗ್ಗೆ ಎರಡು ಮಾತಾಡಬೇಕು ಎಂದು ಮುಖ್ಯೋಪಾಧ್ಯಾಯರು ನನ್ನನ್ನೇ ಕರೆದರು. ಮೈಕಿನ ಮುಂದೆ ನಿಂತು ರತ್ನಳ ಒಳ್ಳೆಯತನ, ಹಾಸ್ಟೆಲಿನ ದಿನಗಳು, ಅವಳ ಕೈರುಚಿ ಎಂದು ಏನೇನೋ ಹೇಳಿ ಇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಠದ ಮಾತು ಏಕೆ ಬರಲೇ ಇಲ್ಲ ಎಂಬುದು ರತ್ನ ಒಬ್ಬಳಿಗೇ ಗೊತ್ತಿತ್ತು.