ಅಮ್ಮ ಬಿಟ್ಟುಹೋದ ಸಕ್ಕರೆ ಗಿಳಿ

ಕೊಬ್ಬರಿ ಕಮಟು ಹಿಡಿದರೆ ಬರುವ ವಾಸನೆ ನಿಮಗೂ ಗೊತ್ತಿರುತ್ತದೆ. ಹಳೆಯ ಎಣ್ಣೆಯಂಥ, ಬಹಳ ದಿನ ಮುಚ್ಚಿಟ್ಟ ಟ್ರಂಕಿನಂಥ ವಾಸನೆ. ಮೂಗಿಗೆ ಬಂದದ್ದು ಗಂಟಲಿಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ಈ ಸಲ ಚಳಿ ಶುರುವಾದ ಮೇಲೆ ನಮ್ಮ ಮನೆಯವರಿಗೆ ಕೆಮ್ಮು ಬಿಡಲಿಲ್ಲ. ಕಷಾಯದ ಪುಡಿ ಮಾಡೋಣವೆಂದು ಕೊತ್ತಂಬರಿ ಬೀಜ ಹುಡುಕುತ್ತ ಅಡುಗೆಮನೆಯ ಮೇಲಿನ ಶೆಲ್ಫಿಗೆ ಕೈ ಹಾಕಿದೆ. ರವೆ ಡಬ್ಬಿಯ ಹಿಂದೆ ಇನ್ನೊಂದು ಸ್ಟೀಲ್ ಡಬ್ಬಿ ಕೈಗೆ ತಾಗಿತು. ಮುಚ್ಚಳ ಬಿಗಿಯಾಗಿತ್ತು. ಹೊಟ್ಟೆಗೆ ಒತ್ತಿ ಹಿಡಿದು ತೆಗೆದ ಕೂಡಲೇ ಆ ವಾಸನೆ ಬಂತು. ಒಳಗಿದ್ದದ್ದು ಎಳ್ಳು ಬೆಲ್ಲ, ಕಳೆದ ಸಂಕ್ರಾಂತಿಯದು. ಕೊಬ್ಬರಿ ಚೂರುಗಳು ಹಳದಿ ತಿರುಗಿದ್ದವು, ಬೆಲ್ಲ ಬೆವತು ಎಳ್ಳಿಗೆ ಅಂಟಿಕೊಂಡಿತ್ತು. ಅದರ ಮಧ್ಯೆ ಒಂದು ಸಕ್ಕರೆ ಅಚ್ಚಿನ ಗಿಳಿ, ಎಲ್ಲೂ ಮುಕ್ಕಾಗದೆ, ಮಲಗಿತ್ತು. ಇವೆಲ್ಲವನ್ನೂ ಮಾಡಿದ ಅಮ್ಮ ಯುಗಾದಿ ಕಳೆದ ಮೇಲೆ ತೀರಿಹೋದಳು.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಅದನ್ಯಾಕೆ ಇನ್ನೂ ಇಟ್ಕೊಂಡಿದೀಯ? ಹುಳ ಬೀಳುತ್ತೆ, ಚೆಲ್ಲು ಮಾರಾಯ್ತಿ" ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ. ನಾನು ಮುಚ್ಚಳ ಹಾಕಿ ಡಬ್ಬಿಯನ್ನು ಮತ್ತೆ ರವೆಯ ಹಿಂದೆ ಇಟ್ಟೆ. ಅಮ್ಮನ ಸೀರೆಗಳನ್ನು ಹಂಚಿದ್ದೆ, ಅವಳ ಮಾತ್ರೆಗಳನ್ನು ಎಸೆದಿದ್ದೆ, ಮಂಚವನ್ನು ಕೊಟ್ಟುಬಿಟ್ಟಿದ್ದೆ. ಆದರೆ ಅವಳ ಕೈಯಿಂದ ಆದ ತಿಂಡಿ ಅಂತ ಈ ಪ್ರಪಂಚದಲ್ಲಿ ಉಳಿದಿದ್ದು ಅಷ್ಟೇ. ತಿನ್ನುವ ಹಾಗಿಲ್ಲ, ಚೆಲ್ಲುವ ಧೈರ್ಯವಿಲ್ಲ. ನಮ್ಮ ಜನರಲ್ಲಿ ಸೂತಕವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಆದರೂ ವರ್ಷ ತುಂಬುವವರೆಗೆ ಹಬ್ಬದ ತಿಂಡಿಗೆ ಒಲೆ ಹಚ್ಚುವುದಿಲ್ಲ. ಹಾಗಾಗಿ ಈ ಸಂಕ್ರಾಂತಿಗೆ ಮನೆಯಲ್ಲಿ ಹೊಸ ಎಳ್ಳೂ ಆಗುವಂತಿರಲಿಲ್ಲ. ಇಲ್ಲಿ ಶಿವಮೊಗ್ಗದ ಸವಳಂಗ ರಸ್ತೆಯ ಅಂಗಡಿಗಳ ಮುಂದೆ ಬಣ್ಣಬಣ್ಣದ ಎಳ್ಳಿನ ಪೊಟ್ಟಣಗಳನ್ನು ತೂಗುಹಾಕಿದ್ದು ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡುತ್ತ ಗೋಪಾಳದ ನಮ್ಮ ಮನೆಯ ದಾರಿ ಹಿಡಿಯುತ್ತಿದ್ದೆ.

ನಾನು ಹುಟ್ಟಿ ಬೆಳೆದಿದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಒಂದೇ ಗೋಡೆಯ ಆಚೆ ಈಚೆ ಎರಡು ಮನೆ. ಈಚೆ ನಾವು, ಆಚೆ ಸ್ಟೆಲ್ಲಾ ಆಂಟಿಯ ಮನೆ. ಅಪ್ಪನೂ ಆಂಟಿಯ ಗಂಡ ಜೋಸೆಫ್ ಅಂಕಲ್ಲೂ ಫೌಂಡ್ರಿಯಲ್ಲಿ ಒಂದೇ ಶಿಫ್ಟಿನವರು. ಡಿಸೆಂಬರಿನ ಬೆಳಗುಗಳಲ್ಲಿ ಹೊಳೆಯ ಕಡೆಯಿಂದ ಬಂದ ಮಂಜು ಚಿಮಣಿಯ ಹೊಗೆಯೊಂದಿಗೆ ಸೇರಿ ಎದುರು ಸಾಲಿನ ಮನೆಗಳೇ ಕಾಣುತ್ತಿರಲಿಲ್ಲ. ಸೈರನ್ ಕೂಗಿದ ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಸೈಕಲ್ ಬೆಲ್ ಕೇಳುತ್ತಿತ್ತು, ಆಮೇಲೆ ಕೆಮ್ಮು, ಆಮೇಲೆ ಇಬ್ಬರೂ ಮಫ್ಲರ್ ಸುತ್ತಿಕೊಂಡು ಕಾಣಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಮ್ಮನ ಕಷಾಯ ಕುದಿಯುತ್ತಿರುತ್ತಿತ್ತು. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಶುಂಠಿ, ಚಿಟಿಕೆ ಮೆಂತ್ಯ, ಎಲ್ಲವನ್ನೂ ಬೇರೆಬೇರೆಯಾಗಿ ಹುರಿದು ಕುಟ್ಟಿದ ಪುಡಿ. ಅದನ್ನು ಬೆಲ್ಲದ ನೀರಿಗೆ ಹಾಕಿ, ಉಕ್ಕಿ ಬಂದಾಗ ಹಾಲು ಬಿಟ್ಟು ಇಳಿಸಿದರೆ ಆ ಪರಿಮಳ ಅಪ್ಪನ ಬಟ್ಟೆಯ ಕಬ್ಬಿಣದ ವಾಸನೆಯನ್ನೂ ಅಡಗಿಸಿಬಿಡುತ್ತಿತ್ತು. ಅಪ್ಪ ಬಿಸಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಕುಡಿಯುವ ಮೊದಲು ಅದಕ್ಕೆ ಮುಖ ಒಡ್ಡಿ ಕೂರುತ್ತಿದ್ದರು. ಮಧ್ಯಾಹ್ನ ಎರಡೂ ಮನೆಯ ಹೆಂಗಸರು ಬಿಸಿಲಿಗೆ ಬಂದು ಅವರೆಕಾಯಿ ಸುಲಿಯುತ್ತಿದ್ದರು. ಸೊಗಡಿನ ಅವರೆಯ ಅಂಟು ಸಂಜೆಯವರೆಗೂ ಬೆರಳಿನಿಂದ ಹೋಗುತ್ತಿರಲಿಲ್ಲ. ನೆನೆಸಿದ ಕಾಳನ್ನು ಹಿತುಕುವ ಕೆಲಸ ನನಗೂ ಆಂಟಿಯ ಮಗಳು ಲಿಲ್ಲಿಗೂ. ಬೇಳೆಯನ್ನು ಪಾತ್ರೆಗಿಂತ ಹೆಚ್ಚಾಗಿ ಒಬ್ಬರ ಮುಖಕ್ಕೆ ಇನ್ನೊಬ್ಬರು ಹಾರಿಸುತ್ತಿದ್ದೆವು.

ಸಕ್ಕರೆ ಅಚ್ಚು ಮಾತ್ರ ಒಬ್ಬರಿಂದ ಆಗುವ ಕೆಲಸವಲ್ಲ. ಪಾಕ ಹದಕ್ಕೆ ಬಂದ ಮೇಲೆ ಕಾಯುವುದಿಲ್ಲ. ಅಮ್ಮ ಸಕ್ಕರೆಗೆ ಹಾಲು ಬಿಟ್ಟು ಕುದಿಸಿ, ಕೊಳೆ ತೆಗೆದು, ಬಿಳಿ ಬಟ್ಟೆಯಲ್ಲಿ ಸೋಸಿ, ಸಣ್ಣ ಪಾತ್ರೆಯಲ್ಲಿ ಸ್ವಲ್ಪಸ್ವಲ್ಪವೇ ಕಾಯಿಸುತ್ತಿದ್ದಳು. ಸೌಟಿನ ಬೆನ್ನಿನಿಂದ ಪಾತ್ರೆಯ ಅಂಚಿಗೆ ಉಜ್ಜುತ್ತಿದ್ದ ಹಾಗೆ ನೀರಿನಂತಿದ್ದ ಪಾಕ ಸುಣ್ಣದಂತೆ ಬೆಳ್ಳಗಾಗುತ್ತಿತ್ತು. ಆ ಕ್ಷಣದಲ್ಲೇ ಹೊಯ್ಯಬೇಕು. ನೀರಲ್ಲಿ ನೆನೆಸಿದ ಮರದ ಅಚ್ಚುಗಳ ಎರಡೆರಡು ಹೋಳು ಜೋಡಿಸಿ, ದಾರ ಬಿಗಿದು, ಸಾಲಾಗಿ ಹಿಡಿಯಲು ಗೋಡೆಯಾಚೆಯಿಂದ ಸ್ಟೆಲ್ಲಾ ಆಂಟಿ ಬರುತ್ತಿದ್ದರು. ಅವರಿಗೆ ಸಂಕ್ರಾಂತಿ ಇರಲಿಲ್ಲ, ಆದರೆ ಅವರಷ್ಟು ಬಿಗಿಯಾಗಿ ದಾರ ಸುತ್ತುವವರು ಇಡೀ ಸಾಲಿನಲ್ಲಿ ಇರಲಿಲ್ಲ. ಗಿಳಿ, ಆನೆ, ಮೀನು, ಬೃಂದಾವನ. ಅಚ್ಚು ಬಿಚ್ಚುವಾಗ ಎಲ್ಲರೂ ಉಸಿರು ಹಿಡಿಯುತ್ತಿದ್ದೆವು. ಆನೆಯ ಸೊಂಡಿಲು ಮುರಿಯುತ್ತಿತ್ತು, ಗಿಳಿಯ ಕೊಕ್ಕಂತೂ ಮುರಿಯದೆ ಬಂದದ್ದೇ ಅಪರೂಪ. ಮುರಿದದ್ದನ್ನು ಹಬ್ಬದ ತಟ್ಟೆಗೆ ಇಡಬಾರದು, ಅದು ಕಷಾಯಕ್ಕೆ. ಅದು ಅಮ್ಮನ ಕಾನೂನು. ಆ ಒಂದು ವಾರ ನಮ್ಮ ಕಷಾಯಕ್ಕೆ ಬೆಲ್ಲದ ಬದಲು ಸೊಂಡಿಲು, ಬಾಲ, ರೆಕ್ಕೆ ಬೀಳುತ್ತಿದ್ದವು. ಆಂಟಿಗೆ ಅದೆಂದರೆ ಪ್ರಾಣ. ದಾರ ಬಿಚ್ಚುತ್ತಲೇ ಗಿಳಿಯ ಕತ್ತನ್ನು ಹೆಬ್ಬೆರಳಿನಿಂದ ಅಮುಕುತ್ತಿದ್ದರು.

"ಸ್ಟೆಲ್ಲಾ, ನೀನೇ ಮುರಿದೆ ಮಾರಾಯ್ತಿ, ನಾನು ನೋಡ್ದೆ."

"ಅಯ್ಯೋ ಯೇಸಪ್ಪಾ, ನಾನ್ ಯಾಕ್ ಮುರೀಲಿ? ನಿನ್ ಪಾಕಾನೇ ಎಳೇದು, ಹದ ಬಂದಿಲ್ಲ ಗಿರಿಜಾ. ಮುರಿದದ್ದು ಮುರೀತು, ಇಲ್ಲಿ ಕೊಡು."

ಅದಕ್ಕೂ ಮೊದಲು, ಡಿಸೆಂಬರಿನಲ್ಲಿ, ಆಂಟಿಯ ಮನೆಯಲ್ಲಿ ಕ್ರಿಸ್‌ಮಸ್. ಕಲ್ಕಲ ಮಾಡುತ್ತಿದ್ದರು. ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ, ಗೆರೆ ಮೂಡಿಸಿ, ಶಂಖದ ಹಾಗೆ ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು ಸಕ್ಕರೆ ಹಿಡಿಸುವುದು. ನಾನೂ ಅಮ್ಮನೂ ಅವರ ಕಿಟಕಿಯಲ್ಲಿ ನಿಂತು ಎಷ್ಟೋ ಸಲ ನೋಡಿದ್ದೆವು. ಆದರೆ ಬಾಯಿಗೆ ಹಾಕಿದ್ದಿಲ್ಲ. ಹಿಟ್ಟಿಗೆ ಮೊಟ್ಟೆ ಬೀಳುತ್ತಿತ್ತು, ನಮ್ಮದು ಲಿಂಗ ಕಟ್ಟಿದ ಮನೆ. ಆಂಟಿಯೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ನಮ್ಮ ಮನೆಗೆಂದು ಕಿತ್ತಳೆಯನ್ನೂ ಬಾಳೆಹಣ್ಣಿನ ಚಿಪ್ಪನ್ನೂ ತಟ್ಟೆಯಲ್ಲಿಟ್ಟು, ಕಸೂತಿಯ ಬಟ್ಟೆ ಮುಚ್ಚಿ ಕಳಿಸುತ್ತಿದ್ದರು.

ಒಂದು ಮಳೆಗಾಲದಲ್ಲಿ ಜೋಸೆಫ್ ಅಂಕಲ್ ಎದೆನೋವು ಬಂದು ತೀರಿಹೋದರು. ಆ ಡಿಸೆಂಬರಿನಲ್ಲಿ ಆಚೆಮನೆಯ ಬಾಗಿಲಿಗೆ ನಕ್ಷತ್ರ ಕಟ್ಟಲಿಲ್ಲ, ಎಣ್ಣೆಯ ಬಾಂಡ್ಲಿ ಇಡಲಿಲ್ಲ. ಲಿಲ್ಲಿ ನಮ್ಮ ಜಗುಲಿಯಲ್ಲಿ ಕೂತು ಸುಮ್ಮನೆ ರಸ್ತೆ ನೋಡುತ್ತಿದ್ದಳು. ಅಮ್ಮ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಪ್ಪನ ಕೈಯಲ್ಲಿ ಒಂದು ಹೊಸ ಬಾಚಣಿಗೆ ತರಿಸಿದಳು. ಎಂದೂ ತಿನ್ನದ ತಿಂಡಿಯನ್ನು ಕಣ್ಣಳತೆಯ ಮೇಲೆ ಮಾಡಲು ಹೊರಟಳು. ಮೊಟ್ಟೆಯಿಲ್ಲದೆ ಮೈದಾ ಕಲಸಿದಳು, ನಾನು ಬಾಚಣಿಗೆಯ ಮೇಲೆ ಒತ್ತಿಕೊಟ್ಟೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಸಕ್ಕರೆ ಹಿಡಿಸುವಾಗ ಅವಳಿಗೆ ಗೊತ್ತಿದ್ದ ಪಾಕ ಒಂದೇ, ಅಚ್ಚಿನ ಪಾಕ. ಅದನ್ನೇ ಕಾಯಿಸಿ, ಉಜ್ಜಿ ಬೆಳ್ಳಗೆ ಮಾಡಿ, ಸುರುಳಿಗಳ ಮೇಲೆ ಸುರಿದಳು. ನೋಡನೋಡುತ್ತ ತಟ್ಟೆ ತುಂಬ ಬಿಳಿ ಗೋಲಿಗಳಾದವು. ಒಂದನ್ನೊಂದು ತಾಗಿದರೆ ಟಣ್ ಎನ್ನುತ್ತಿದ್ದವು.

ಅವನ್ನೇ ಬಟ್ಟೆ ಮುಚ್ಚಿ ಕ್ರಿಸ್‌ಮಸ್ ಬೆಳಿಗ್ಗೆ ಗೋಡೆಯಾಚೆ ತೆಗೆದುಕೊಂಡು ಹೋದಳು. ನಾನೂ ಸೆರಗು ಹಿಡಿದು ಹೋದೆ. ಆಂಟಿ ಬಿಳಿ ಸೀರೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಅಂಕಲ್ ಹೋದ ಮೇಲೆ ಅವರು ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ, ಸರಿಯಾಗಿ ಅತ್ತಿದ್ದನ್ನೂ ನೋಡಿರಲಿಲ್ಲ. ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದರು. ತೆಗೆದು ಅಂಗೈ ಮೇಲಿಟ್ಟು ನೋಡಿದರು.

"ಗಿರಿಜಾ, ಇದು ತಿನ್ನೋಕಾ, ಇಲ್ಲಾ ನಾಯಿಗೆ ಹೊಡೆಯೋಕಾ?"

ಅಮ್ಮನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಆಂಟಿಗೆ ನಗು ಬಂತು. ಆ ನಗು ನಿಲ್ಲಲಿಲ್ಲ; ಅದು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಅಮ್ಮ ಅವರ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ಲಿಲ್ಲಿ ಮತ್ತು ನಾನು ಹಿತ್ತಲಿಗೆ ಹೋಗಿ ಕಲ್ಕಲವನ್ನು ಒಗೆಯುವ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿ ತಿಂದೆವು. ರುಚಿಯಾಗಿಯೇ ಇತ್ತು. ಮುಂದಿನ ವರ್ಷದಿಂದ ಆಂಟಿ ಪ್ರತಿ ಕ್ರಿಸ್‌ಮಸ್ಸಿಗೂ ಮೊಟ್ಟೆಯಿಲ್ಲದ ಒಂದು ಪಾಲು ಬೇರೆ ಮಾಡಿ, ಅದಕ್ಕೆ ಬೇಕೆಂದೇ ಅಚ್ಚಿನ ಪಾಕ ಸುರಿದು, ನಮ್ಮ ಮನೆಗೆ ಕಳಿಸತೊಡಗಿದರು. ಅದಕ್ಕೆ ಅವರ ಮನೆಯಲ್ಲಿ ಗಿರಿಜಾ ಕಲ್ಕಲ ಎಂದೇ ಹೆಸರು.

ಆ ಮನೆಗಳು ಈಗಿಲ್ಲ ಎನ್ನಬೇಕು. ಕಾರ್ಖಾನೆಯ ಕೆಲಸ ಕಡಿಮೆಯಾಗುತ್ತ ಬಂದ ಹಾಗೆ ಕ್ವಾರ್ಟರ್ಸ್ ಖಾಲಿಯಾಯಿತು, ಆಂಟಿ ಲಿಲ್ಲಿಯ ಮನೆ ಸೇರಿದರು. ಹೋದ ವರ್ಷ ಆ ದಾರಿಯಲ್ಲಿ ಹೋದಾಗ ನೋಡಿದೆ. ಹೆಂಚು ಕುಸಿದಿತ್ತು, ಜಗುಲಿಯ ತುಂಬ ಲಂಟಾನ ಬೆಳೆದಿತ್ತು, ನಡುವಿನ ಗೋಡೆ ಮಾತ್ರ ನಿಂತಿತ್ತು. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ. ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆಗೇ ಇದ್ದಳು. ಬರುವಾಗ ತಂದದ್ದು ಒಂದು ಟ್ರಂಕು ಮತ್ತು ಅಚ್ಚಿನ ಚೀಲ. ಕಳೆದ ಜನವರಿಯಲ್ಲಿ ಅವಳ ಕೈ ಆಗಲೇ ನಡುಗುತ್ತಿತ್ತು. ಆದರೂ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಬಿಸಿಲಿಗೆ ಕೂತು, ಒಂದೊಂದೇ ಚೂರು ಹೆಚ್ಚಿದಳು. ಅಚ್ಚು ಹಿಡಿದವಳು ನಾನು. "ಬಿಗಿ ಸಾಲದು, ಸ್ಟೆಲ್ಲಾ ಇರಬೇಕಿತ್ತು" ಎನ್ನುತ್ತಲೇ ಹೊಯ್ದಳು. ಬಹಳಷ್ಟು ಮುರಿದವು. ಕೊನೆಯಲ್ಲಿ ಬಿಚ್ಚಿದ ಗಿಳಿ ಕೊಕ್ಕು ಸಮೇತ ಇಡಿಯಾಗಿ ಬಂತು. ಅವಳು ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿ, "ಇದನ್ನ ಎತ್ತಿಡು" ಅಂದಿದ್ದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಸಂಕ್ರಾಂತಿಗೆ ಇನ್ನೇನು ಕೆಲವೇ ದಿನ ಇರುವಾಗ, ಕಷಾಯದ ಪುಡಿಗೆ ಕೊತ್ತಂಬರಿ ಬೀಜ ಹುರಿಯುತ್ತಿದ್ದೆ. ಗೇಟಿನ ಸದ್ದಾಯಿತು. ಲಿಲ್ಲಿಯ ತೋಳು ಹಿಡಿದು ಸ್ಟೆಲ್ಲಾ ಆಂಟಿ ಒಳಗೆ ಬಂದರು. ಎಷ್ಟು ಕುಗ್ಗಿಹೋಗಿದ್ದರು! ನಮ್ಮ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲವೆಂದು ಅವರಿಗೆ ಗೊತ್ತಿತ್ತು. ಬಟ್ಟೆ ಮುಚ್ಚಿದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಗಿರಿಜಾ ಕಲ್ಕಲ. ಮಾಡಿದ್ದು ಲಿಲ್ಲಿ, ಬೈದಿದ್ದು ನಾನು. ನಂಗೆ ಹಲ್ಲಿಲ್ಲ, ನೀವೇ ಜಜ್ಜಿಕೊಂಡು ತಿನ್ನಿ" ಅಂದರು. ಅಡುಗೆಮನೆಗೇ ಬಂದು ಸ್ಟೂಲಿನ ಮೇಲೆ ಕೂತರು. ಒಲೆಯ ಕಡೆ ಮೂಗು ತಿರುಗಿಸಿ, "ಇನ್ನೂ ಸ್ವಲ್ಪ ಹುರಿ ಕಣೇ ಸುಮಿ, ನಿಮ್ಮಮ್ಮ ಇದಕ್ಕಿಂತ ಕೆಂಪಗೆ ಹುರೀತಿದ್ಲು" ಅಂದರು.

ನನಗೇನನ್ನಿಸಿತೋ, ಶೆಲ್ಫಿನಿಂದ ಆ ಡಬ್ಬಿ ಇಳಿಸಿ ಅವರ ಮಡಿಲಲ್ಲಿಟ್ಟೆ. ಮುಚ್ಚಳ ತೆಗೆದವರೇ ಮುಖ ಹಿಂದೆ ಮಾಡಿದರು. ಆಮೇಲೆ ಒಂದು ಕೊಬ್ಬರಿ ಚೂರು ತೆಗೆದು ಬೆಳಕಿಗೆ ಹಿಡಿದರು. "ಕೈ ನಡುಗ್ತಾ ಇದ್ರೂ ಎಷ್ಟು ಸಣ್ಣಗೆ ಹೆಚ್ಚಿದಾಳೆ ನೋಡು." ಅದನ್ನು ಅಲ್ಲೇ ಬಿಟ್ಟು, ಬೆರಳಿನಿಂದ ಎಳ್ಳು ಸರಿಸಿ ಗಿಳಿಯನ್ನು ಎತ್ತಿದರು, ನೀರಿನಲ್ಲಿ ಅದ್ದಿದ ಸೆರಗಿನ ತುದಿಯಿಂದ ಒರೆಸಿದರು, ನನ್ನ ಕಡೆ ಚಾಚಿದರು.

"ಮುರಿ."

"ಬೇಡ ಆಂಟಿ. ಅದೊಂದೇ ಇರೋದು."

"ಕೊಬ್ಬರಿ ಹೋಯ್ತು, ಬೆಲ್ಲ ಹೋಯ್ತು. ಇದನ್ನೂ ಇಟ್ಕೊಂಡು ಕೂತ್ರೆ ಇರುವೆ ತಿನ್ನುತ್ತೆ. ನಿಮ್ಮಮ್ಮ ಏನು ಇರುವೆಗೆ ಮಾಡಿದ್ಲಾ?"

ಲಿಲ್ಲಿ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಗಿಳಿಯನ್ನು ಎರಡು ಕೈಯಲ್ಲಿ ಹಿಡಿದೆ. ಹಿಡಿದಷ್ಟು ಹೊತ್ತು ಹಿಡಿದೆ. ಆಂಟಿ ತಮ್ಮ ಹೆಬ್ಬೆರಳನ್ನು ನನ್ನ ಹೆಬ್ಬೆರಳ ಮೇಲೆ, ಗಿಳಿಯ ಕತ್ತಿನ ಹತ್ತಿರ, ಇಟ್ಟರು. ಟಕ್ ಎಂದಿತು.

ಹೊಸ ಪುಡಿಯಲ್ಲಿ ಕಷಾಯ ಕುದಿಸಿದೆ. ಬೆಲ್ಲ ಹಾಕಲಿಲ್ಲ. ನಾಲ್ಕು ಲೋಟಕ್ಕೂ ಒಂದೊಂದು ತುಂಡು ಹಾಕಿದೆ. ಕೊಕ್ಕು ಇದ್ದದ್ದನ್ನು ಆಂಟಿಗೆ ಕೊಟ್ಟೆ. ಬಿಳಿ ತುಂಡು ಕಂದು ಕಷಾಯದಲ್ಲಿ ಸ್ವಲ್ಪ ಹೊತ್ತು ತೇಲಿದಂತೆ ಕಂಡು, ಮುಳುಗಿ, ಕರಗಿತು. ನಮ್ಮ ಮನೆಯವರು ಕೆಮ್ಮುತ್ತ ಬಂದು ತಮ್ಮ ಲೋಟ ತೆಗೆದುಕೊಂಡು, ವಿಷಯ ತಿಳಿದು, ಅಪ್ಪ ಹಿಡಿಯುತ್ತಿದ್ದ ಹಾಗೆಯೇ ಅದನ್ನು ಎರಡು ಕೈಯಲ್ಲಿ ಹಿಡಿದು ನಿಂತರು. ಸಿಹಿ ಸರಿಯಾಗಿತ್ತು. ಆಂಟಿ ಲೋಟವನ್ನು ಪೂರಾ ಎತ್ತಿ ತಳದ ಗಸಿಯವರೆಗೂ ಕುಡಿದರು. ಬಾಯಿ ಒರೆಸಿಕೊಂಡು, "ಪಾಕ ಎಳೇದಾಗಿರಲಿಲ್ಲ. ಸರಿಯಾಗೇ ಇತ್ತು ಗಿರಿಜಾ" ಎಂದು ನಮಗಲ್ಲ ಎನ್ನುವ ಹಾಗೆ ಹೇಳಿದರು.

ಅವರು ಹೋದ ಮೇಲೆ ಉಳಿದ ಎಳ್ಳನ್ನು ಹಿತ್ತಲಿನ ಪೇರಲೆ ಗಿಡದ ಬುಡಕ್ಕೆ ಸುರಿದೆ. ಡಬ್ಬಿಯನ್ನು ಸೀಗೆಪುಡಿ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿದೆ. ಈಗ ಅದರಲ್ಲಿ ಕಷಾಯದ ಪುಡಿ ಇದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಕೊತ್ತಂಬರಿ, ಶುಂಠಿಯ ಘಾಟಿನ ಹಿಂದೆ ಎಲ್ಲೋ ಒಂದಿಷ್ಟು ಕಮಟು ಕೊಬ್ಬರಿಯ ವಾಸನೆ ಬಂದಂತಾಗುತ್ತದೆ. ಅಷ್ಟು ತೊಳೆದ ಮೇಲೆ ಬರಬಾರದು. ಬಂದ ದಿನ ಮಾತ್ರ ಮುಚ್ಚಳ ಹಾಕದೆ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತೇನೆ.