ಸಚಿನ್‌ವರೆಗೆ ಹೋಗಿಬಂದ ಬಿಳಿ ಬಳೆಗಳು

ಆಗ ನನಗೆ ನಲವತ್ತೆಂಟು; ಮೂವತ್ತು ವರ್ಷದ ಹಿಂದಿನ ಮಾತು. ಮಣಿನಗರದಲ್ಲಿ ನಮ್ಮದೊಂದು ಸಣ್ಣ ಇಡ್ಲಿ-ದೋಸೆ ಹೋಟೆಲು. ಅಲ್ಲಿಂದ ಬೆಳಗಿನ ಪ್ಯಾಸೆಂಜರ್ ಹತ್ತಿ ಸೂರತ್ತಿಗೆ ಹೊರಟೆ. ಹೊರಡುವಾಗ ನನ್ನ ಗಂಡನದು ಒಂದೇ ಗೊಣಗು. "ನಿಂಗೆಂತಕ್ಕೆ ಇದ್ರ ಉಸಾಬ್ರಿ? ನಾಳೆ ರುಬ್ಬುಕೆ ಯಾರ್ ಇದ್ರ್?"

"ನೀವೇ ರುಬ್ಬಿ. ಕೈ ಎಂತ ಸವ್ದ್ ಹೋತಿಲ್ಲೆ."

ಜೊತೆಗಿದ್ದವರು ಧನಿ, ಮೀನಾಬೆನ್. ಧನಿ ಎಪ್ಪತ್ತೊಂದರ ಯುದ್ಧದ ಹೊತ್ತಿಗೆ ಪಾಕಿಸ್ತಾನದ ಗಡಿ ದಾಟಿ ಬಂದವಳು. ಊರಂಚಿನ ವಟ್ವಾದ ಆಚೆ, ಹಾಗೆ ಬಂದವರ ಗುಡಿಸಲುಗಳು. ಒಂಟೆ ಮಾರಿ ಬರುತ್ತೇನೆಂದು ಹಿಂದೆ ಉಳಿದ ಅವಳ ಗಂಡ ಹತ್ತು ವರ್ಷವಾದರೂ ಬಂದಿರಲಿಲ್ಲ. ಮೀನಾಬೆನ್ ಸೇವಾಸಂಸ್ಥೆಯ ಕಡೆಯಿಂದ ಆ ಹೆಂಗಸರನ್ನು ಕೂರಿಸಿ ಮಾತಾಡಿಸುವವರು, ಕಸೂತಿ ಕೆಲಸಕ್ಕೆ ಹಚ್ಚಿದವರು. ಗುಂಪಿನಲ್ಲಿ ಬಾಯಿಬಿಡದ ಧನಿಯನ್ನು ನಮ್ಮ ಅಡುಗೆಮನೆಗೆ ಕಳಿಸಿದವರೂ ಅವರೇ. ಮೊದಲ ದಿನವೇ ನನ್ನ ಗಂಡ, ಬಳೆ ತೆಗೆದಿಟ್ಟು ರುಬ್ಬು ಎಂದರು. ನಮ್ಮಲ್ಲಿ ಅದು ದೊಡ್ಡ ಮಾತಲ್ಲ. ಅವರಲ್ಲಿ ಮಣಿಕಟ್ಟಿನಿಂದ ತೋಳಿನವರೆಗಿನ ಆ ಬಿಳಿ ಬಳೆ ಇಳಿಯುವುದು ಗಂಡ ಸತ್ತಾಗ ಮಾತ್ರ. ಎದ್ದುಹೋದವಳು ಮತ್ತೆ ಬರಲಿಲ್ಲ.

ಈಗ ಸೂರತ್ತಿನ ಪಕ್ಕದ ಊರಾದ ಸಚಿನ್‌ನ ಬಣ್ಣದ ಕಾರ್ಖಾನೆಯಲ್ಲಿ ಅವಳ ಗಂಡನಂಥವನನ್ನು ಕಂಡೆವೆಂದು ಸುದ್ದಿ ಬಂದಿತ್ತು. ಅವನಲ್ಲದಿದ್ದರೆ ಸತ್ತನೆಂದೇ ಲೆಕ್ಕ, ಬಳೆ ಒಡೆಯುವುದೇ ಎಂದಿದ್ದರು ಧನಿಯ ಗಂಡನ ದೊಡ್ಡಪ್ಪ. ನಾನು ಬಂದರೆ ಮಾತ್ರ ಹೋಗುತ್ತೇನೆಂದು ಧನಿ ಹಟ ಹಿಡಿದಳು. ಬೈಯುವವರು ಸುಳ್ಳು ಹೇಳುವುದಿಲ್ಲವಂತೆ; ಅವತ್ತು ಬಳೆಯ ಮಾತಿಗೆ ನಾನು ಗಂಡನಿಗೆ ಬೈದದ್ದನ್ನು ಅವಳು ಕೇಳಿದ್ದಳು.

ವಡೋದರದಲ್ಲಿ ಚಹಾ ಕುಡಿದೆವು. ಧನಿ ಮುಟ್ಟಲಿಲ್ಲ. ಮೀನಾಬೆನ್ ನನ್ನ ಕಿವಿಯಲ್ಲಿ ಹೇಳಿದರು: "ಸಿಗ್ತಾನೆ ಅಂತಾನೂ ಹೇಳ್ಬೇಡಿ, ಸಿಗಲ್ಲ ಅಂತಾನೂ ಹೇಳ್ಬೇಡಿ."

"ಮತ್ತೆ ಬಾಯಿ ಎಂತಕ್ಕೆ ಇರೋದು?" ಎಂದೆ ನನ್ನ ಮುರುಕು ಹಿಂದಿಯಲ್ಲಿ.

ಭರೂಚ್‌ನಲ್ಲಿ ಕಡಲೆಕಾಯಿ ಕೊಂಡೆ. ಬಿಸಿಗಾಳಿಗೆ ಸಿಪ್ಪೆ ಮುಖಕ್ಕೇ ಹಾರುತ್ತಿತ್ತು. ಸೂರತ್ತಿನಿಂದ ಬಸ್ಸಿನಲ್ಲಿ ಸಚಿನ್ ಸೇರಿ, ರಾಸಾಯನಿಕದ ನಾತ ಹೊಡೆಯುವ ಕಾರ್ಖಾನೆ ಗೇಟಿನ ಮುಂದೆ ಪಾಳಿ ಮುಗಿಯುವವರೆಗೆ ನಿಂತೆವು. ಮೊಣಕೈವರೆಗೆ ನೀಲಿ ಹತ್ತಿದ ಒಬ್ಬನನ್ನು ಕಾವಲುಗಾರ ಕರೆದು ತಂದ. ಧನಿ ಸೆರಗು ಮುಖಕ್ಕೆಳೆದಳು. ಗಂಡನೇ ಇರಬೇಕು, ನಾಚಿದಳು ಎಂದುಕೊಂಡೆ.

ಅಲ್ಲ. ಪರಗಂಡಸೆಂದು ಎಳೆದುಕೊಂಡಿದ್ದಳು.

"ನಾನು ಬೇರೆ ಊರಿನವ, ಬಾ," ಎಂದ ಅವನು ನನಗೆ. ಆ ಕಡೆ ತಾಯಿಯನ್ನು 'ಬಾ' ಎಂದು ಕರೆಯುತ್ತಾರೆ. "ನೀವು ಹುಡುಕುವವನ ಹೆಸರೂ ಕೇಳಿಲ್ಲ."

ಆ ರಾತ್ರಿ ಸೂರತ್ತಿನಲ್ಲಿ ನಮ್ಮ ಕುಂದಾಪುರದ ಕಡೆಯವರ ಹೋಟೆಲಿನ ಅಟ್ಟದಲ್ಲಿ ಉಳಿದೆವು. ಮರುದಿನದ ರೈಲಿನಲ್ಲಿ ಧನಿ ಒಂದು ಕೈಯ ಬಳೆಗಳನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದೇ ಕೂತಿದ್ದಳು.

ವಟ್ವಾ ತಲುಪಿದಾಗ ದೊಡ್ಡಪ್ಪ ಹಗ್ಗದ ಮಂಚದ ಮೇಲೆ ಕಾದಿದ್ದರು. ಗಂಡನ ಮನೆಯ ಹಿರಿಯರೆದುರು ಧನಿ ಮಾತಾಡುವ ಹಾಗಿಲ್ಲ. ನನ್ನನ್ನೇ ಕೇಳಿದರು: "ಸಿಕ್ಕಿದ್ನಾ?"

"ಸತ್ತ ಅಂತ ಯಾರೂ ಹೇಳ್ಲಿಲ್ಲ."

"ನಾನು ಕೇಳಿದ್ದು ಅದಲ್ಲ, ಬೆಹೆನ್."

"ಬಳೆ ಒಡೆಯೋದಕ್ಕೆ ಕೇಳ್ಬೇಕಾದ್ದು ಅದೇ ಅಲ್ವಾ? ಹೆಣ ಕಂಡವರು ಬರ್ಲಿ, ಆಮೇಲೆ ಒಡೀರಿ."

ಅವರು ಬೀಡಿ ಹಚ್ಚಿ ಆಚೆ ತಿರುಗಿ ಕೂತರು. ರಾತ್ರಿಯೇ ಬಳೆ ಒಡೆಸಿಬಿಟ್ಟರೆ ಎಂಬ ಭಯದಲ್ಲಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಹೋಟೆಲಿನ ಹಿಂಬಾಗಿಲಲ್ಲಿ ಧನಿ ನಿಂತಿದ್ದಳು. ಮೊದಲು ತೋಳು ನೋಡಿದೆ, ಬಳೆಗಳಿದ್ದವು. ಕಾಯಿ ಹೆರೆಯುವ ಮಣೆಯನ್ನು ಅವಳ ಕಡೆ ತಳ್ಳಿ, ರುಬ್ಬಲು ನಾನೇ ಕೂತೆ.