ನೋಡಿಕೊಳ್ಳುವವರು ಯಾರು?

"ಮನ್ಯಾಗ ನಿಮ್ಮನ್ನ ನೋಡ್ಕೊಳ್ಳವ್ರು ಯಾರರ ಅದಾರೇನ್ರಿ?" ಅರ್ಜಿ ತುಂಬುತ್ತ ಕೇಳಿದೆ. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ನಾನು ಹುಮನಾಬಾದ್ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಎದುರಿಗಿದ್ದ ಸಿಪಾಯಿ ಶರಣಪ್ಪನವರು ಬರ್ಮಾ ಯುದ್ಧದಲ್ಲಿ ಎರಡೂ ಕಾಲು, ಕಣ್ಣು ಕಳೆದುಕೊಂಡಿದ್ದರು. ಅರ್ಜಿ ಹೋಗಬೇಕಿದ್ದ ಅಂಗವಿಕಲ ಸೈನಿಕರ ಆಶ್ರಯಧಾಮದಲ್ಲಿ ಯಾರ ದಿಕ್ಕೂ ಇಲ್ಲದವರಿಗೆ ಮಾತ್ರ ಜಾಗವಿತ್ತು.

ಅವರನ್ನು ಕಲ್ಯಾಣಿ ಊರಿನಿಂದ ಬಸ್ಸಿನಲ್ಲಿ ಕರೆತಂದು, ಬೆನ್ನ ಮೇಲೆ ಹೊತ್ತು ಒಳಗೆ ತಂದಿದ್ದ ಪಕ್ಕದ ಮನೆಯ ನೇಕಾರ ಮೌಲಾಸಾಬರೇ ಅವಸರದಿಂದ ಉತ್ತರಿಸಿದರು: "ಯಾರೂ ಇಲ್ರಿ. ಹಂಗೇ ಬರ್ಕೊಳ್ರಿ. ಅಲ್ಲಿ ಹೋದ್ರ ದವಾ ಆದ್ರೂ ಸಿಗ್ತದ."

ಶರಣಪ್ಪನವರು ಕೈಯಾಡಿಸಿ ಅವರ ಭುಜ ಹುಡುಕಿಕೊಂಡರು. "ಸುಳ್ಳು ಬರೀಬ್ಯಾಡ್ರಿ. ನನಗ ಇಂವ ಅದಾನ."

ಆ ಒಂದು ಮಾತಿಗೆ ಜಾಗ ತಪ್ಪಿತು. ಮೌಲಾಸಾಬರು ಕಣ್ಣೊರೆಸಿಕೊಂಡು ಮತ್ತೆ ಬೆನ್ನು ಬಗ್ಗಿಸಿದರು.

ಅಂದಿನಿಂದ ರೋಗಿಯ ಜೊತೆ ಬಂದವರನ್ನು "ನೀವು ಇವರಿಗೆ ಏನಾಗಬೇಕು?" ಎಂದು ಕೇಳುವುದನ್ನೇ ಬಿಟ್ಟೆ.